ಬಾರದವರ ಮನೆಯ ಮೀಟಿಂಗು
ಬಬಲೇಶ್ವರದ ನಮ್ಮ ಸೇವಾ ಸಂಘಕ್ಕೆ ದಶರಥ ಮಾಸ್ತರರು ಕಾರ್ಯದರ್ಶಿ ಆದಾಗಿನಿಂದ ಯಾವ ಸದಸ್ಯನಿಗೂ ನೆಮ್ಮದಿಯಿಲ್ಲ. ಕಣ್ಣಿನ ಶಿಬಿರದ ವಿಚಾರವಿರಲಿ, ಬಸ್‌ಸ್ಟ್ಯಾಂಡಿನ ಅರವಟಿಗೆಗೆ ನೀರು ತುಂಬುವ ಮಾತಿರಲಿ, ಸಭೆ ತಪ್ಪಿಸಿದವನನ್ನು ಅವರು ಬೈಯುವುದಿಲ್ಲ. "ಮೀಟಿಂಗಿಗೆ ಬರ್ಲಿಲ್ಲಲ್ರಿ, ಆರಾಮಿಲ್ಲೇನು? ಇರ್ಲಿ, ಮುಂದಿನ ಮೀಟಿಂಗ್ ನಿಮ್ಮ ಮನ್ಯಾಗ ಇಡ್ತೀವಿ" ಎಂದು ಇಡೀ ಸಂಘವನ್ನೇ ಅವನ ಪಡಸಾಲೆಗೆ ತಂದು ಕೂಡಿಸುತ್ತಾರೆ. ಅಷ್ಟು ಜನಕ್ಕೆ ಚಹಾ ಕಾಸಿದ ಹೆಂಡತಿ ಮುಂದಿನ ಸಲ ತಾನೇ ಗಂಡನನ್ನು ಸಭೆಗೆ ದಬ್ಬುತ್ತಾಳೆ. ಈಚೆಗೆ ಹೆಂಡತಿ ತೀರಿಹೋದ ಮೇಲೆ ನಮ್ಮ ಟೇಲರ್ ಆಫ್ತಾಬ ಬರುವುದನ್ನೇ ಬಿಟ್ಟಿದ್ದ. ಮಾಸ್ತರರು ಚಹಾದ ಥರ್ಮಾಸ್ ತಾವೇ ಹೊತ್ತುಕೊಂಡು ನಮ್ಮನ್ನೆಲ್ಲ ಅವನ ಮನೆಗೆ ಕರೆದೊಯ್ದರು. ನಾವು ಹೊರಟಾಗ ಆಫ್ತಾಬ ಬಾಗಿಲಿಗೆ ಬಂದು ಮೆಲ್ಲಗೆ ಹೇಳಿದ: "ಮಾಸ್ತರ್ರ, ಮುಂದಿನ ಮೀಟಿಂಗಿಗೂ ನಾ ಬರೂದಿಲ್ರಿ."