ಸಾಬೀತಾಗದ ಸೆಂಗಾ

ಸೆಂಗಾ ಪೆಟ್ರಿಯ ಬಾಯಿ ಒಳ್ಳೆಯದಲ್ಲ ಎಂದು ಸ್ಕಾಟ್ಲೆಂಡಿನ ಪಿಟ್‌ಲಾರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಬೌಲಿಂಗ್ ಕ್ಲಬ್ಬಿನ ಚಹಾ ಅವಳೇ ಮಾಡುತ್ತಿದ್ದಳು. ಅಡುಗೆಕೋಣೆಗೆ ಒಂದು ಕಿಟಕಿ ಇಡಿಸಿ ಎಂದಾಗ ಕಾರ್ಯದರ್ಶಿ ವ್ಯಾಟಿ ಇಮ್ರಿ ಒಪ್ಪಲಿಲ್ಲ. ಶನಿವಾರ ಎಲ್ಲರೆದುರಿಗೇ ರೇಗಿ, "ಈ ಗೂಡಿಗಿಷ್ಟು ಬೆಂಕಿ ಹಾಕ!" ಎಂದುಬಿಟ್ಟಳು. ಭಾನುವಾರ ಬೆಳಗಾಗುವಷ್ಟರಲ್ಲಿ ಕ್ಲಬ್ಬು ಸುಟ್ಟು ಬೂದಿ.

ಪೊಲೀಸರಿಗೆ ಅಷ್ಟೇ ಸಾಕಾಯಿತು. ವಿಚಾರಣೆ ನಡೆದು, ಹದಿನೈದು ಜನರ ಜ್ಯೂರಿ ಒಳಗೆ ಹೋಗಿ ಬಂದು, "ದೋಷಿ" ಎನ್ನದೆ, "ನಿರ್ದೋಷಿ" ಎಂದೂ ಅನ್ನದೆ, "ಸಾಬೀತಾಗಿಲ್ಲ" ಎಂದಿತು. ಜಡ್ಜ್ ಅವಳನ್ನು ಬಿಟ್ಟರು.

"ಹಾಗಂದ್ರೆ ನಾನು ನಿರ್ದೋಷಿ ತಾನೆ?" ಎಂದು ತನ್ನ ವಕೀಲ ಗೆಡ್ಡೆಸ್ ಅವರನ್ನು ಕೋರ್ಟಿನ ಮೆಟ್ಟಿಲ ಮೇಲೇ ತಡೆದಳು.

"ಎರಡೂ ಬಿಡುಗಡೆನೇ ತಾಯಿ. ಇದೇ ಕೇಸು ಮತ್ತೆ ಹಾಕೋ ಹಾಗಿಲ್ಲ."

"ನಿರ್ದೋಷಿ ಅನ್ನೋಕೆ ಅವರಿಗೇನು ದಾಡಿ?"

"ಹಿಂದೆ ಜ್ಯೂರಿ ಹೇಳ್ತಿದ್ದದ್ದೇ 'ಸಾಬೀತು', 'ಸಾಬೀತಿಲ್ಲ' ಅಂತ. ಇನ್ನೂರೈವತ್ತು ವರ್ಷದ ಹಿಂದೆ ಒಂದು ಕೊಲೆ ಕೇಸಲ್ಲಿ ಹಟ ಹಿಡಿದು 'ನಿರ್ದೋಷಿ' ಅಂದ್ರು. ಅಲ್ಲಿಂದ ಅದೂ ಉಳೀತು, ಇದೂ ಉಳೀತು."

"ಸ್ಕಾಟ್ಲೆಂಡಲ್ಲಿ ಹಳೇ ಸಾಮಾನು ಯಾರೂ ಎಸೆಯಲ್ಲ. ನನ್ನ ತಲೆ ಮೇಲೆ ಹಾಕಿದ್ರಿ!"

ಊರಿಗೆ 'ಸಾಬೀತಾಗಿಲ್ಲ' ಎಂಬ ಮಾತು ಹಬ್ಬವಾಯಿತು. ಕಟುಕ ಟ್ಯಾಮ್ ಮಾಂಸ ಕಟ್ಟಿಕೊಡುತ್ತಾ, "ಸಾಬೀತಾಗಲಿಲ್ಲಂತಲ್ಲಾ, ಬಚಾವಾದೆ ಬಿಡು!" ಎಂದು ಕಣ್ಣು ಹೊಡೆದ. ಚರ್ಚಿನಲ್ಲಿ ಅವಳು ಬಂದು ಕೂತರೆ ವ್ಯಾಟಿ ಮೇಣದಬತ್ತಿ ದೂರ ಸರಿಸುತ್ತಿದ್ದ. "ಮನೆಗೆ ಬಂದ್ಯಲ್ಲೇ, ಸಾಕು," ಎಂದ ಗಂಡ ಡಾಡ್‌ನಿಗೆ ಅವತ್ತು ಊಟ ಸಿಗಲಿಲ್ಲ.

ಚಳಿಗಾಲದಲ್ಲೊಂದು ದಿನ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತ ದಪ್ಪ ಹೆಂಗಸು, "ಪೆಟ್ರಿಯಮ್ಮ ಅಲ್ವಾ? ನಾನು ಪಕ್ಕದೂರಿನ ಜೀನ್, ನಿಮ್ಮ ಜ್ಯೂರಿಲಿದ್ದೆ," ಎಂದಳು. "ನೀವು ಮಾಡಿಲ್ಲ ಅಂತ ನಮಗೆಲ್ಲಾ ಗೊತ್ತಿತ್ತು ಕಣಮ್ಮಾ."

"ಗೊತ್ತಿತ್ತಾ? ಮತ್ತೆ ಬಾಯಿಗೇನಾಗಿತ್ತು?"

"ಎರಡೂ ಒಂದೇ ಅಂತ ಜಡ್ಜ್ ಸಾಹೇಬ್ರೇ ಹೇಳಿದ್ರಲ್ಲ. ನಿರ್ದೋಷಿ ಅನ್ನೋಕೆ ನಾವೇನು ಅಲ್ಲಿದ್ದು ನೋಡಿದ್ವಾ? ಇದೇ ಮರ್ಯಾದೆ ಮಾತು ಅನ್ನಿಸ್ತು."

ಸೆಂಗಾಳಿಗೆ ಅಳಬೇಕೋ ಬಡಿಯಬೇಕೋ ತಿಳಿಯಲಿಲ್ಲ. ಊರು ಬಂದೊಡನೆ ಜೀನಳ ಕೈ ಹಿಡಿದು ದರದರನೆ ಎಳೆದು ಇಳಿಸಿಕೊಂಡು ಟ್ಯಾಮ್‌ನ ಅಂಗಡಿಗೆ ನಡೆದಳು. ಒಳಗೆ ವ್ಯಾಟಿಯೂ ಸೇರಿ ಆರೇಳು ಜನ ಇದ್ದರು.

"ಹೇಳಿ ಇವರಿಗೆ!"

ಜೀನ್ ಏದುಸಿರು ಬಿಡುತ್ತಲೇ ಎಲ್ಲವನ್ನೂ ಹೇಳಿದಳು. ಟ್ಯಾಮ್ ಕತ್ತಿ ಒರೆಸಿಕೊಂಡು ತಲೆಯಾಡಿಸಿದ.

"ಅದೇ ನೋಡಿ. ಏನೇ ಆದ್ರೂ ಸಾಬೀತಂತೂ ಆಗಲಿಲ್ಲ."

ಸೆಂಗಾ ಅವನನ್ನೇ ನೋಡಿದಳು. ಬೈಗುಳ ನಾಲಿಗೆಯ ತುದಿಗೆ ಬಂದು, ಯಾಕೋ ಅಲ್ಲೇ ನಿಂತಿತು. ಜೀನಳನ್ನು ಕರೆದುಕೊಂಡು ಹೊರಬಂದಳು. ಅಂದಿನಿಂದ ಸಾಯುವ ತನಕ ಮಾಂಸಕ್ಕೆ ಜೀನಳ ಊರಿಗೇ ಹೋದಳು. ತಂದ ಮಾಂಸ ಗಟ್ಟಿ ಎಂದು ಡಾಡ್ ಗೊಣಗಿದರೆ, "ಸಾಬೀತು ಮಾಡು," ಎನ್ನುತ್ತಿದ್ದಳು.