ಉಗುರಿನಲ್ಲಿ ಆರಿಸಿದ ಟೈರು

ಸ್ಕೂಟರಿಗೆ ಹೊಸ ಟೈರು ಹಾಕಿಸಲು ಅಪ್ಪ ನನ್ನನ್ನೂ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋದ ದಿನ ನೆನೆದರೆ ಈಗಲೂ ನಗು ತಡೆಯಲಾಗುವುದಿಲ್ಲ. ಸೋರೆಕಾಯಿಗೆ ಉಗುರು ಒತ್ತಿ ಎಳೆಯದೋ ಬಲಿತದ್ದೋ ನೋಡುತ್ತಾರಲ್ಲ, ಹಾಗೆ ಅಪ್ಪ ಅಂಗಡಿಯ ಟೈರುಗಳಿಗೆಲ್ಲ ಹೆಬ್ಬೆರಳಿನ ಉಗುರು ಒತ್ತುತ್ತ ಹೋದರು. ಕೊನೆಗೆ ಗುರುತೇ ಬೀಳದ ಒಂದು ಸಿಕ್ಕಿತು.

"ಇದು ಬಲ್ತದೆ, ಇಂಥದ್ದೇ ಎರಡು ಕೊಡಿ."

"ಯಜಮಾನ್ರೆ, ಗಟ್ಟಿ ರಬ್ಬರು ಬಾಳಿಕೆ ಬತ್ತದೆ, ಆದ್ರೆ ಮಳೇಲಿ ಜಾರ್ತದೆ. ನಿಮ್ಮೂರ ಮಣ್ ರೋಡಿಗೆ ಮೆತ್ತಂದೇ ಸರಿ," ಎಂದ ಅಂಗಡಿಯವನು.

"ಮೆತ್ತಂದು ಸವ್ದೋಯ್ತದೆ," ಎಂದರು ಅಪ್ಪ. ಅಲ್ಲಿಗೆ ಮಾತು ಮುಗಿಯಿತು.

ಗಟ್ಟಿ ಟೈರುಗಳನ್ನೇ ಹಾಕಿಸಿಕೊಂಡು ಊರಿಗೆ ಮರಳುವ ದಾರಿಯಲ್ಲಿ, ಲೊಕ್ಕನಹಳ್ಳಿ ದಾಟುವಾಗ ಮಳೆ ಹಿಡಿಯಿತು. ತಿರುವಿನಲ್ಲಿ ಅಪ್ಪ ಬ್ರೇಕು ಒತ್ತಿದರು. ಸ್ಕೂಟರು ಬುಗುರಿಯ ಹಾಗೆ ಒಂದು ಸುತ್ತು ತಿರುಗಿ ನಮ್ಮಿಬ್ಬರನ್ನೂ ಯಾರದೋ ರಾಗಿ ಹೊಲದಲ್ಲಿ ಕೂರಿಸಿತು. ಹೆದರಿ ಅಳಬೇಕಾದ ನನಗೆ ನಗು ಉಕ್ಕಿ ಬಿಕ್ಕಳಿಕೆಯೇ ಹತ್ತಿತು. ಅಪ್ಪ ಮೈತುಂಬ ಕೆಸರಾಗಿ ಎದ್ದವರು, ನನ್ನ ಕಡೆ ತಿರುಗಿಯೂ ನೋಡದೆ ಸ್ಕೂಟರಿನ ಬಳಿ ಹೋಗಿ ಟೈರಿಗೆ ಉಗುರು ಒತ್ತಿದರು.

"ನೋಡವ್ವ, ಒಂಚೂರೂ ಸವ್ದಿಲ್ಲ."