ಓದದೆ ಬಿಟ್ಟ ಸುದ್ದಿ

ಮುತ್ತು, ಆ ದಿನದ ಪೇಪರಿನಲ್ಲಿ ನಿಮ್ಮ ಸುದ್ದಿ ಇತ್ತು. ನಾನೇ ಓದದೆ ಹಾರಿಸಿದೆ.

ಗೇಣಿಗೆ ಗದ್ದೆ ಮಾಡುವವರಿಗೇ ಗದ್ದೆ ಸಿಗುವ ಕಾನೂನು ಬರುತ್ತಿದೆ, ಧಣಿಗಳ ಮಾತಿಗೆ ಹೆದರಿ ಯಾರೂ ಬಿಟ್ಟುಕೊಡಬೇಡಿ — ಇಷ್ಟೇ ಇದ್ದದ್ದು. ಕಣ್ಣು ಅದರ ಮೇಲೆ ನಿಂತಿತು, ನಾಲಿಗೆ ಮಾತ್ರ ಕೆಳಗಿನ ಸುದ್ದಿಗೆ ಜಿಗಿಯಿತು. ಎಲ್ಲೋ ಬಸ್ಸು ಮಗುಚಿದ್ದನ್ನು ಎಷ್ಟು ಚೆಂದ ಓದಿದೆನೆಂದರೆ, ನೀವೆಲ್ಲ "ಅಯ್ಯೋ ದೇವ್ರೆ" ಎಂದಿರಿ.

ನಮ್ಮೂರು ನಾವುಂದದ ಆ ಸಣ್ಣ ಗ್ರಂಥಾಲಯದಲ್ಲಿ ಭಾನುವಾರ ಮಧ್ಯಾಹ್ನ ಹೆಂಗಸರಿಗೆ ಪೇಪರ್ ಓದಿ ಹೇಳುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡಿದ್ದೆ. ಸಂಬಳವಿಲ್ಲದ ಸೇವೆ ಎಂದು ಎಷ್ಟು ಬೀಗಿದ್ದೆ! ನಾನು ಬೆಂಚಿನ ಮೇಲೆ, ನೀವು ಜಗಲಿಯ ನೆಲದ ಮೇಲೆ. ನೀನು ನಮ್ಮ ಮನೆಯ ಒಕ್ಕಲು, ಒಳಗೆ ಕರೆದರೂ ಬರುತ್ತಿರಲಿಲ್ಲ. ನಾನೂ ಒಮ್ಮೆ ಕರೆದು ಸುಮ್ಮನಾಗಿದ್ದೆ.

ಓದಿ ಮುಗಿಸಿದಾಗ ನೀನು ಕೇಳಿದೆ: "ಗೇಣಿಯವರ್ ವಿಷ್ಯ ಎಂತಾರೂ ಇತ್ತಾ ಅಮ್ಮ?"

"ಎಂತದೂ ಇಲ್ಲ ಮುತ್ತು."

ಹೀಗೆ ಹೇಳು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮನೆಯ ಯಜಮಾನಿಕೆ ಸೋದರಮಾವನದಾದರೂ ಗದ್ದೆ ನನ್ನ ತಾಯಿಯದು, ಮುಂದೆ ನನಗೇ ಬರುವಂಥದ್ದು. ಅದು ನನಗೆ ಗೊತ್ತಿತ್ತು — ಅಷ್ಟು ಸಾಕಾಯಿತು.

ಆ ವಾರವೇ ಮಾವ ನಿನ್ನನ್ನೂ ನಿನ್ನ ಗಂಡನನ್ನೂ ಕರೆಸಿದರು. ಗದ್ದೆಯನ್ನು ಮನಸಾರೆ ಬಿಟ್ಟುಕೊಟ್ಟೆವೆಂದು ಹೆಬ್ಬೆಟ್ಟು ಒತ್ತಬೇಕಿತ್ತು. ಗಂಡ ಹಿಂದೆಮುಂದೆ ನೋಡಿದ, ಏನೋ ಕಾನೂನು ಬರುತ್ತದಂತೆ ಎಂದು ಗೊಣಗಿದ. ಬಾಗಿಲ ಹಿಂದೆ ನಿಂತಿದ್ದ ನನಗೆ ನಿನ್ನ ಉತ್ತರ ಸ್ಪಷ್ಟವಾಗಿ ಕೇಳಿಸಿತು: "ಹಾಂಗೆಂತದೂ ಇಲ್ಲ ಮಾರಾಯ್ರೆ. ಪೇಪರಂಗೆ ಇದ್ರೆ ನಮ್ಮ ಅಮ್ಮ ಹೇಳ್ತಿರ್ಲಿಲ್ಯಾ?"

ಹೊರಗೆ ಬಂದು ಒಂದು ಮಾತು ಹೇಳಬಹುದಿತ್ತು. ಬಾಗಿಲು ಅರ್ಧ ತೆರೆದೇ ಇತ್ತು... ನಾನು ಬರಲಿಲ್ಲ. ನೀವು ಹೆಬ್ಬೆಟ್ಟು ಒತ್ತಿದಿರಿ.

ಮುಂದಿನ ಭಾನುವಾರವೂ ನೀನು ಬಂದೆ — ಬರಲಾರೆ ಎಂದುಕೊಂಡು ನಾನು ನಿರಾಳವಾಗಿದ್ದೆ. ಉಳಿದವರು ಎದ್ದು ಹೋದ ಮೇಲೆ ನೀನು ನಾಚುತ್ತ ಹತ್ತಿರ ಬಂದೆ: "ಇನ್ನ್ ಗದ್ದೆ ಕೆಲ್ಸ ಇಲ್ಯಲೆ ಅಮ್ಮ, ಪುರ್ಸೊತ್ತಿತ್. ನಂಗೊಂಚೂರ್ ಓದೂಕೆ ಕಲ್ಸಿ ಕೊಡ್ತ್ರಿಯಾ?"

ದೊಡ್ಡವರಿಗೆ ಅಕ್ಷರ ಕಲಿಸುವುದೂ ನಮ್ಮ ಸೇವೆಯೇ ಆಗಿತ್ತು. ಸ್ಲೇಟುಗಳು ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು. ಆದರೆ ನೀನು ಓದಲು ಕಲಿತರೆ —

"ಈ ಪ್ರಾಯದಂಗೆ ಅದೆಲ್ಲ ಎಂತಕ್ಕೆ ಮುತ್ತು? ಓದಿ ಹೇಳೂಕೆ ನಾನಿಲ್ಯಾ?"

"ಅದೂ ಹೌದ್" ಎಂದು ನಕ್ಕುಬಿಟ್ಟೆ ನೀನು. ನಿನಗಾಗ ನಲವತ್ತೂ ತುಂಬಿರಲಿಲ್ಲ.

ಬೊಂಬಾಯಿಯ ಹೋಟೆಲಿಗೆ ಹೋದ ನಿನ್ನ ಗಂಡ ತಿರುಗಿ ಬರಲಿಲ್ಲ. ನೀನು ಅದೇ ಗದ್ದೆಗೆ ಕೂಲಿಯವಳಾಗಿ ನಾಟಿ ಕೆಲಸಕ್ಕೆ ಬಂದೆ, ಕಂಡಾಗಲೆಲ್ಲ ನನ್ನ ಕ್ಷೇಮ ವಿಚಾರಿಸಿದೆ. ಆ ಅಕ್ಕಿಯನ್ನು ನಾನು ಇವತ್ತೂ ಉಣ್ಣುತ್ತಿದ್ದೇನೆ.

ಈಗ ನೀನಿಲ್ಲ. ಇದ್ದಾಗಲೇ ಇದನ್ನು ಬರೆದು ಕಳಿಸಬಹುದಿತ್ತು ಎಂದುಕೊಳ್ಳುತ್ತೇನೆ. ಕಳಿಸಿದ್ದರೂ — ಓದಿ ಹೇಳಿ ಎಂದು ನೀನು ಅದನ್ನು ನನ್ನ ಹತ್ತಿರವೇ ತರುತ್ತಿದ್ದೆ.